ಚೀನಾದ ಹಳೆ ಅರಮನೆಗೆ ಹೋದರೆ ಕ್ಯಾಮೆರಾವನ್ನು ಸೂರಿನ ಕೆಳಗೆ ತಿರುಗಿಸಿ

ಬೀಜಿಂಗ್‌ನ ಫರ್ಬಿಡನ್ ಸಿಟಿಯನ್ನು ಇಡಿಯಾಗಿ ತೋರಿಸುವ ಫೋಟೋ ಇನ್ನೊಂದು ಯಾರಿಗೂ ಬೇಕಾಗಿಲ್ಲ. ಎದುರಿಗೆ ನಿಂತು ವೈಡ್ ಲೆನ್ಸ್ ಹಾಕಿ ತೆಗೆದದ್ದು, ಮೇಲೆ ನೀಲಿ ಆಕಾಶ, ಅದರ ಕೆಳಗೆ ಹಳದಿ ಛಾವಣಿ, ನಡುವೆ ಮೆಟ್ಟಿಲು, ಮೆಟ್ಟಿಲ ತುಂಬ ಜನ. ಗೊತ್ತಲ್ವಾ? ನನ್ನ ಹತ್ತಿರವೂ ಇದೆ. ಅಳಿಸಿಲ್ಲ, ಇರಲಿ ಬಿಡಿ. ಆದರೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ತಗುಲಿಸಬೇಕು ಅನ್ನಿಸಿದ ಚಿತ್ರಗಳೆಲ್ಲ ಸಿಕ್ಕಿದ್ದು ಬೇರೆ ಕಡೆ. ಸೂರಿನ ಕೆಳಗೆ, ಬಾಗಿಲಿನ ಮೊಳೆಗಳಲ್ಲಿ, ಹೆಂಚಿನ ತುದಿಯಲ್ಲಿ, ಮಳೆನೀರು ಉಗುಳುವ ಕಲ್ಲಿನ ತಲೆಗಳ ಹತ್ತಿರ.

ಚೀನಾದ ಹಳೆ ಕಟ್ಟಡಗಳ ಬಿಡಿ ಭಾಗಗಳನ್ನೇ ಹಿಡಿದು ಫೈನ್ ಆರ್ಟ್ ಫೋಟೋಗ್ರಫಿ ಮಾಡುವವರು ತುಂಬಾ ಜನ ಇದ್ದಾರೆ. ಅಂಥ ಚಿತ್ರಗಳನ್ನು ನಾನು ಹುಡುಕಿಕೊಂಡು ಹೋಗಿ ನೋಡುತ್ತೇನೆ. ಆದರೆ ಒಂದು ತಕರಾರು ಇದೆ. ಅರ್ಧಕ್ಕರ್ಧ ಚಿತ್ರಗಳು ಬರೀ ವಾಲ್‌ಪೇಪರ್. ಕೆಂಪು ಚೌಕ, ಚಿನ್ನದ ಗುಂಡು, ಸುರುಳಿ ಸುತ್ತಿದ ಡ್ರ್ಯಾಗನ್, ಬಣ್ಣ ಚೆನ್ನಾಗಿದೆ, ಜೋಡಣೆ ಚೆನ್ನಾಗಿದೆ, ಎರಡು ಸೆಕೆಂಡ್ ನೋಡಿದ ಮೇಲೆ ಕಣ್ಣಿಗೆ ಇನ್ನೇನೂ ಕೆಲಸವಿಲ್ಲ. ನನಗೆ ಅನ್ನಿಸುವ ಕಾರಣ ಇಷ್ಟೇ. ಈ ಕಟ್ಟಡಗಳಲ್ಲಿ ಅಲಂಕಾರ ಅಂತ ಕಾಣುವ ವಸ್ತುಗಳಲ್ಲಿ ಹೆಚ್ಚಿನವು ಯಾವುದೋ ಒಂದು ದುಡಿಮೆಗೆ ಇಟ್ಟವು. ಮೊಳೆ ಮುಚ್ಚಲು, ನೀರು ಹೊರಗೆ ಹಾಕಲು, ಭಾರ ಹೊರಲು. ಆ ದುಡಿಮೆ ಚಿತ್ರದೊಳಗೆ ಸ್ವಲ್ಪವಾದರೂ ಕಾಣಿಸಬೇಕು. ಅದನ್ನು ಕತ್ತರಿಸಿ ಹೊರಗಿಟ್ಟರೆ ಉಳಿಯುವುದು ಬರೀ ಡಿಸೈನ್.

ಛಾವಣಿಯ ಮೂಲೆಯಿಂದಲೇ ಶುರು ಮಾಡೋಣ. ಅರಮನೆಯ ಛಾವಣಿಯ ಇಳಿಜಾರು ಏಣಿನ ಮೇಲೆ ಸಾಲಾಗಿ ಕೂತ ಪುಟ್ಟ ಪ್ರಾಣಿಗಳನ್ನು ನೀವು ನೋಡಿರುತ್ತೀರಿ. ಮುಂದೆ ಹಕ್ಕಿಯ ಮೇಲೆ ಕೂತ ಒಬ್ಬ ಮನುಷ್ಯ, ಅವನ ಹಿಂದೆ ಡ್ರ್ಯಾಗನ್, ಫೀನಿಕ್ಸ್, ಸಿಂಹ, ಕುದುರೆ ಹೀಗೆ. ಎಷ್ಟು ಪ್ರಾಣಿ ಇವೆ ಅನ್ನುವುದರ ಮೇಲೆ ಕಟ್ಟಡದ ದರ್ಜೆ. ಸಾಮಾನ್ಯವಾಗಿ ಬೆಸ ಸಂಖ್ಯೆ. ಮೂರು ದೊಡ್ಡ ಸಭಾಭವನಗಳಲ್ಲಿ ನಡುವಿನ ಝೊಂಗ್‌ಹೆದಿಯನ್‌ಗೆ 7, ಹಿಂದಿನ ಬಾವೊಹೆದಿಯನ್‌ಗೆ 9. ಎದುರಿನ ತೈಹೆದಿಯನ್‌ಗೆ ಮಾತ್ರ 10. ಸಿಂಹಾಸನ ಇದ್ದದ್ದು ಅಲ್ಲಿ, ಆದ್ದರಿಂದ ನಿಯಮ ಮುರಿದು ಒಂದು ಪ್ರಾಣಿ ಜಾಸ್ತಿ. ಆ ಹತ್ತನೆಯದು ರೆಕ್ಕೆ ಇರುವ, ಕೋತಿಯ ಮುಖದ ಒಂದು ಜೀವಿ, ಕೈಯಲ್ಲಿ ಆಯುಧ ಹಿಡಿದುಕೊಂಡಿದೆ. ನನಗೆ ಇಡೀ ಸಾಲಿನಲ್ಲಿ ಇಷ್ಟ ಅದೇ.

ಈಗ ಇವು ಅಲ್ಲಿ ಯಾಕೆ ಬಂದವು ಅಂದರೆ, ಇಳಿಜಾರಿನಲ್ಲಿ ಏಣಿನ ಹೆಂಚುಗಳು ಕೆಳಕ್ಕೆ ಜಾರದಂತೆ ಮೊಳೆ ಹೊಡೆಯಬೇಕು. ಮೊಳೆಯ ತೂತಿನಲ್ಲಿ ನೀರು ಇಳಿದರೆ ಒಳಗಿನ ಮರ ಕೊಳೆಯುತ್ತದೆ. ತೂತು ಮುಚ್ಚಲು ಮೇಲೊಂದು ಟೊಪ್ಪಿ ಬೇಕು. ಟೊಪ್ಪಿ ಬೆಳೆಯುತ್ತಾ ಬೆಳೆಯುತ್ತಾ ಪ್ರಾಣಿಯಾಯಿತು, ಪ್ರಾಣಿ ದರ್ಜೆಯ ಲೆಕ್ಕವಾಯಿತು. ಇದು ತಲೆಯಲ್ಲಿದ್ದರೆ ನೀವು ಪ್ರಾಣಿಯ ಮುಖವನ್ನಷ್ಟೇ ಕ್ಲೋಸಪ್ ತೆಗೆಯುವುದಿಲ್ಲ. ಏಣಿನ ಇಳಿಜಾರು ಫ್ರೇಮಿನಲ್ಲಿ ಓರೆಯಾಗಿ ಬರಲಿ, ಪ್ರಾಣಿಗಳು ಆ ಜಾರುವ ಗೆರೆಯ ಮೇಲೆ ಬೇರು ಬಿಟ್ಟ ಹಾಗೆ ಕಾಣಲಿ. ಉದ್ದದ ಲೆನ್ಸ್ ಬೇಕೇ ಬೇಕು. ತೈಹೆದಿಯನ್ ಜಗುಲಿ ಸೇರಿ ನೆಲದಿಂದ 35 ಮೀಟರ್ ಎತ್ತರ ಇದೆ, 200 ಎಂಎಂ ಸಾಲುವುದಿಲ್ಲ, 300 ಅಥವಾ 400 ಇದ್ದರೆ ಪ್ರಾಣಿಗಳು ಒಂದರ ಹಿಂದೆ ಒಂದು ಒತ್ತಿಕೊಂಡು ನಿಂತ ಹಾಗೆ ಬರುತ್ತವೆ. ಹತ್ತಿರ ಹೋದಷ್ಟೂ ಸೂರೇ ಅಡ್ಡ ಬರುತ್ತದೆ. ದೂರ ಹೋಗಿ.

ಬಾಗಿಲುಗಳದ್ದೂ ಇದೇ ಕಥೆ. ಕೆಂಪು ಬಾಗಿಲಿನ ಮೇಲೆ ಚಿನ್ನದ ಬಣ್ಣದ ಗುಂಡುಗಳು, ಒಂದೊಂದು ಬಾಗಿಲಿಗೆ 9 ಸಾಲು, ಸಾಲಿಗೆ 9, ಒಟ್ಟು 81. ಇವು ಮೂಲದಲ್ಲಿ ಮೊಳೆಯ ತಲೆಗಳೇ. ದಪ್ಪ ಹಲಗೆಗಳನ್ನು ಹಿಂದಿನ ಅಡ್ಡಪಟ್ಟಿಗೆ ಹಿಡಿದಿಡಲು ಹೊಡೆದ ಮೊಳೆ, ಅದಕ್ಕೆ ಮೇಲೊಂದು ಮುಚ್ಚಳ. ಅರಮನೆಯ ಪೂರ್ವದ ಬಾಗಿಲು ದೊಂಗ್‌ಹುವಾಮೆನ್‌ನಲ್ಲಿ ಮಾತ್ರ 72. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಈ ಗುಂಡುಗಳು ಫೋಟೋಗ್ರಾಫರ್‌ಗಳಿಗೆ ಹಾಕಿದ ಬಲೆ ಅಂತಲೇ ನನ್ನ ಅನಿಸಿಕೆ. ನೇರ ಎದುರು ನಿಂತು ಗ್ರಿಡ್ ತೆಗೆಯುವುದು ಬಹಳ ಸುಲಭ, ಎಲ್ಲರೂ ಅದನ್ನೇ ತೆಗೆಯುತ್ತಾರೆ. ಬಾಗಿಲು ಅರ್ಧ ತೆರೆದಿರುವಾಗ ಅದರ ಅಂಚಿನ ಕಡೆಯಿಂದ ನೋಡಿ. ಹಲಗೆಯ ದಪ್ಪ ಕಾಣುತ್ತದೆ. ಕೈ ತಾಗುವ ಎತ್ತರದ ಗುಂಡುಗಳು ಮಾತ್ರ ಬೇರೆ ಥರ ಹೊಳೆಯುತ್ತಿರುತ್ತವೆ, ಬಂದವರೆಲ್ಲ ಸವರಿ ಸವರಿ. ಅಷ್ಟು ಸಾಕು, 81 ಪೂರ್ತಿ ಬರಬೇಕು ಅಂತೇನಿಲ್ಲ.

ಮೂರೂ ಸಭಾಭವನಗಳು ನಿಂತಿರುವ ಬಿಳಿ ಕಲ್ಲಿನ ಮೂರು ಹಂತದ ಜಗುಲಿ ಇದೆಯಲ್ಲ, ಅದರ ಸುತ್ತ 1,100ಕ್ಕೂ ಹೆಚ್ಚು ಕಲ್ಲಿನ ಡ್ರ್ಯಾಗನ್ ತಲೆಗಳಿವೆ. ಬಾಯಲ್ಲಿ ತೂತು. ಜೋರು ಮಳೆ ಬಂದಾಗ ಜಗುಲಿಯ ನೀರೆಲ್ಲ ಅವುಗಳ ಬಾಯಿಂದ ಹೊರಗೆ ಬರುತ್ತದೆ. ಬಿಸಿಲಿನ ದಿನ ಅವು ಸುಮ್ನೆ ಕಲ್ಲು. ಬೀಜಿಂಗ್‌ನಲ್ಲಿ ಮಳೆ ಬಹುಪಾಲು ಜುಲೈ, ಆಗಸ್ಟ್‌ನಲ್ಲೇ ಬೀಳುವುದು, ಅದೂ ಒಮ್ಮೆಲೇ ಸುರಿಯುತ್ತದೆ. ಎಲ್ಲರೂ ಕೊಡೆ ಹಿಡಿದು ಓಡುವಾಗ ಫೋಟೋ ತೆಗೆಯುವವರು ಜಗುಲಿಯ ಕೆಳಗೆ ನಿಲ್ಲಬೇಕು. ಶಟರ್ ಸ್ಪೀಡು 1/500 ಇಟ್ಟರೆ ನೀರು ಹನಿಹನಿಯಾಗಿ ಬಿಡಿ ಬಿಡಿಯಾಗುತ್ತದೆ, 1/15 ಇಟ್ಟರೆ ಬಿಳಿ ದಾರದ ಹಾಗೆ. ನನಗೆ ಎರಡರ ನಡುವೆ 1/60ರ ಆಸುಪಾಸು ಇಷ್ಟ. ನೀರಿಗೆ ಭಾರ ಇದೆ ಅಂತ ಅನ್ನಿಸುತ್ತದೆ. ಮಳೆ ನಿಂತ ಮೇಲೂ ಒಳ್ಳೆಯ ಚಿತ್ರ ಇದೆ. ತಲೆಗಳ ಕೆಳಗೆ ಕಲ್ಲಿನ ಮೇಲೆ ಕಪ್ಪು ಕಲೆ ಉದ್ದಕ್ಕೆ ಇಳಿದಿರುತ್ತದೆ, ವರ್ಷಾನುವರ್ಷ ನೀರು ಹರಿದ ದಾರಿ. ಕಲೆ ಇಲ್ಲದೆ ಬರೀ ತಲೆ ತೆಗೆದರೆ ಅದು ಮ್ಯೂಸಿಯಂ ಕ್ಯಾಟಲಾಗ್.

ಈಗ ಸೂರಿನ ಕೆಳಗೆ ಬರೋಣ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲೇ ಇರುವುದು.

ಕಂಬದ ಮೇಲೆ, ಛಾವಣಿಯ ಕೆಳಗೆ, ಮರದ ತುಂಡುಗಳನ್ನು ಒಂದರೊಳಗೊಂದು ಕಚ್ಚಿಸಿ ಮೇಲಕ್ಕೂ ಹೊರಕ್ಕೂ ಬೆಳೆಸಿದ ಗೊಂಚಲು ಇರುತ್ತದೆ. ದೋಗೊಂಗ್ ಅನ್ನುತ್ತಾರೆ, ನಮ್ಮ ಮಾತಿನಲ್ಲಿ ಬೋದಿಗೆಯ ಜಾತಿಯದು ಅನ್ನಬಹುದು. ಛಾವಣಿಯ ಭಾರವನ್ನು ಕಂಬಕ್ಕೆ ತಲುಪಿಸುವುದು, ಸೂರು ಗೋಡೆಯಿಂದ ಬಹಳ ಮುಂದೆ ಚಾಚುವಂತೆ ಮಾಡುವುದು ಅದರ ಕೆಲಸ. ಸೂರು ಮುಂದೆ ಚಾಚಿದಷ್ಟೂ ಮಳೆ ಗೋಡೆಗೆ, ಕಂಬಕ್ಕೆ ತಾಗುವುದಿಲ್ಲ. 1103ರಲ್ಲಿ ಸೊಂಗ್ ದೊರೆಗಳ ಆಸ್ಥಾನ ಹೊರತಂದ ಕಟ್ಟಡ ಕಾನೂನಿನ ಪುಸ್ತಕದಲ್ಲಿ ಇಡೀ ಕಟ್ಟಡದ ಅಳತೆಗೆ ಮೂಲಮಾನವಾಗಿ ಹಿಡಿದದ್ದು ಈ ಗೊಂಚಲಿನ ಒಂದು ತುಂಡಿನ ಅಳತೆಯನ್ನೇ. ಎಂಟು ದರ್ಜೆಯ ಮರ, ಕಟ್ಟಡಕ್ಕೆ ತಕ್ಕ ದರ್ಜೆ. ಅಂದರೆ ಒಂದು ಚಿಕ್ಕ ತುಂಡನ್ನು ನೋಡಿ ಪೂರ್ತಿ ಕಟ್ಟಡವನ್ನು ಲೆಕ್ಕ ಹಾಕಬಹುದಿತ್ತು. ಬಿಡಿ ಭಾಗದ ಫೋಟೋ ತೆಗೆಯುವವರಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಾ?

ಶಾಂಶಿ ಪ್ರಾಂತ್ಯದ ವುತಾಯ್ ಪರ್ವತದ ಹತ್ತಿರ ಫೊಗುವಾಂಗ್ ದೇವಾಲಯ ಇದೆ. ಅದರ ಪೂರ್ವ ಸಭಾಂಗಣ 857ರದ್ದು. ಅಲ್ಲಿನ ದೋಗೊಂಗ್ ಕಂಬದ ಎತ್ತರದ ಸುಮಾರು ಅರ್ಧದಷ್ಟು ಇದೆ! ಸೂರು ನಾಲ್ಕು ಮೀಟರಿನ ಹತ್ತಿರ ಮುಂದೆ ಬಂದಿದೆ. ಬಣ್ಣ ಹೆಚ್ಚಿಲ್ಲ, ಚಿನ್ನ ಇಲ್ಲವೇ ಇಲ್ಲ. ಒಂದೇ ಒಂದು ಗೊಂಚಲು ಫ್ರೇಮ್ ತುಂಬುತ್ತದೆ, ಪ್ರತಿ ತುಂಡೂ ಯಾವುದನ್ನು ಎತ್ತಿ ಹಿಡಿದಿದೆ ಅಂತ ಕಣ್ಣಲ್ಲೇ ಹಿಂಬಾಲಿಸಬಹುದು. ಅಲ್ಲಿಂದ ಫರ್ಬಿಡನ್ ಸಿಟಿಗೆ ಬಂದರೆ ಅದೇ ದೋಗೊಂಗ್ ಕುಗ್ಗಿ, ಸಂಖ್ಯೆಯಲ್ಲಿ ಹೆಚ್ಚಾಗಿ, ಒತ್ತೊತ್ತಾಗಿ ನಿಂತ ಒಂದು ಪಟ್ಟಿಯಾಗಿಬಿಟ್ಟಿದೆ. ಅಲ್ಲಿ ಭಾರ ಹೊರುವುದರಲ್ಲಿ ಅದರ ಪಾಲು ಕಡಿಮೆ, ಕಣ್ಣಿಗೆ ಕಾಣುವುದರಲ್ಲಿ ಜಾಸ್ತಿ. ಹಾಗಾಗಿ ಎರಡನ್ನೂ ಒಂದೇ ರೀತಿ ತೆಗೆಯಲು ಆಗುವುದಿಲ್ಲ. ಫೊಗುವಾಂಗ್‌ನಲ್ಲಿ ಒಂದನ್ನು ಆರಿಸಿ, ಕೆಳಗೆ ಕಂಬದ ತುದಿ, ಮೇಲೆ ಸೂರಿನ ತೊಲೆ ಎರಡೂ ಸಿಗುವಂತೆ ನಿಲ್ಲಬೇಕು. ಬೀಜಿಂಗ್‌ನಲ್ಲಿ ಪುನರಾವರ್ತನೆಯೇ ವಿಷಯ, ಸಾಲು ಸಾಲು ಸಾಲು, ಕೊನೆ ಕಾಣದ ಹಾಗೆ.

ಇನ್ನೊಂದು ವಿಷಯ. ಚೀನಾದ ದೊಡ್ಡ ಕಟ್ಟಡಗಳು ಬಹುಪಾಲು ದಕ್ಷಿಣಕ್ಕೆ ಮುಖ ಮಾಡಿರುತ್ತವೆ. ಫೊಗುವಾಂಗ್‌ನ ಈ ಸಭಾಂಗಣ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಗ್ಗೆ ಬೇಗ ಎದ್ದು ಅಲ್ಲಿಗೆ ಓಡುವುದರಲ್ಲಿ ಅರ್ಥವಿಲ್ಲ, ಮಧ್ಯಾಹ್ನ ಕಳೆದ ಮೇಲೆ ಬಿಸಿಲು ಸೂರಿನ ಕೆಳಗೆ ನುಗ್ಗಿ ಗೊಂಚಲುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತದೆ.

ಈ ಸಭಾಂಗಣ ಎಷ್ಟು ಹಳೆಯದು ಅಂತ ಗೊತ್ತಾದ ಕಥೆಯಲ್ಲೂ ಸಣ್ಣ ವಿವರವೊಂದೇ ನಾಯಕ. 1937ರ ಬೇಸಿಗೆಯಲ್ಲಿ ಚೀನಾದ ಹಳೆ ಕಟ್ಟಡಗಳ ಅಧ್ಯಯನ ಮಾಡುತ್ತಿದ್ದ ಲಿಯಾಂಗ್ ಸಿಚೆಂಗ್ ಮತ್ತು ಅವರ ಹೆಂಡತಿ ಲಿನ್ ಹುಯಿಯಿನ್, ಜೊತೆಗೆ ಕೆಲವು ಸಹೋದ್ಯೋಗಿಗಳು ಅಲ್ಲಿಗೆ ಹೋದರು. ಇಬ್ಬರೂ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು. ಅಟ್ಟದ ತುಂಬ ಬಾವಲಿ, ದಪ್ಪಗೆ ಧೂಳು. ತೊಲೆಯೊಂದರ ಕೆಳಗೆ ಮಸಿಯಲ್ಲಿ ಬರೆದ ಅಕ್ಷರ ಮಸುಕಾಗಿ ಇರುವುದು ಲಿನ್ ಕಣ್ಣಿಗೆ ಬಿತ್ತು. ತೊಳೆದು ನೋಡಿದರೆ ದಾನ ಕೊಟ್ಟ ಒಬ್ಬ ಹೆಂಗಸಿನ ಹೆಸರು. ಅದೇ ಹೆಸರು ಅಂಗಳದ ಕಲ್ಲಿನ ಕಂಬದಲ್ಲೂ ಇತ್ತು, ಅಲ್ಲಿ ವರ್ಷ ಸಹಿತ. ಹೀಗೆ 857 ಅಂತ ಸಿಕ್ಕಿತು. ಅದುವರೆಗೆ ತಾಂಗ್ ರಾಜವಂಶದ ಕಾಲದ (618-907) ಮರದ ಕಟ್ಟಡ ಚೀನಾದಲ್ಲಿ ಉಳಿದೇ ಇಲ್ಲ, ನೋಡಬೇಕಾದರೆ ಜಪಾನಿಗೆ ಹೋಗಬೇಕು ಅಂತ ಹೇಳುವವರಿದ್ದರು. ಅದೇ ಜುಲೈ 7ರಂದು ಬೀಜಿಂಗ್ ಪಕ್ಕದಲ್ಲಿ ಜಪಾನಿ ಸೇನೆಯೊಂದಿಗೆ ಗುಂಡಿನ ಕಾಳಗ ಶುರುವಾಗಿ ಯುದ್ಧ ಹಬ್ಬಿತು. ಅವರ ಸಂಸ್ಥೆ ಕೂಡಿಟ್ಟಿದ್ದ ನಕ್ಷೆಗಳು, ನೆಗೆಟಿವ್‌ಗಳು ಭದ್ರವಾಗಿರಲಿ ಅಂತ ತಿಯಾಂಜಿನ್‌ನ ಒಂದು ಬ್ಯಾಂಕಿನಲ್ಲಿ ಇಟ್ಟಿದ್ದರು, 1939ರ ಪ್ರವಾಹದಲ್ಲಿ ಅವೂ ನೀರು ಕುಡಿದವು. ಈಗ ನಾವು ಹಾರ್ಡ್ ಡಿಸ್ಕ್ ಬ್ಯಾಕಪ್ ಅಂತ ಗೋಳಾಡುತ್ತೇವೆ.

ಬೆಳಕಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಫೋಟೋ ತೆಗೆಯುವವರು ಎಡವುವ ಜಾಗ ಇದು. ದೊಡ್ಡ ಸೂರು ಅಂದರೆ ದೊಡ್ಡ ನೆರಳು. ಬೇಸಿಗೆಯ ಮಧ್ಯಾಹ್ನ ಬೀಜಿಂಗ್‌ನಲ್ಲಿ ಸೂರ್ಯ 73 ಡಿಗ್ರಿ ಎತ್ತರದಲ್ಲಿರುತ್ತಾನೆ, ಸೂರಿನ ಕೆಳಗೆ ನೇರ ಬಿಸಿಲು ಒಂದು ಎಳೆಯೂ ಬರುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಅದೇ ಸೂರ್ಯ ನಡುಮಧ್ಯಾಹ್ನವೂ 27 ಡಿಗ್ರಿ ದಾಟುವುದಿಲ್ಲ. ಆಗ ಬಿಸಿಲು ಓರೆಯಾಗಿ ಒಳಗೆ ಬಂದು ದೋಗೊಂಗ್‌ಗಳ ಮೇಲೆ ಬೀಳುತ್ತದೆ. ಚಳಿಗಾಲದಲ್ಲಿ ಹೋಗಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಜನವೂ ಕಡಿಮೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಟಿಕೆಟ್ ಕೂಡ 60 ಯುವಾನ್ ಬದಲು 40. ಚಳಿಗೆ ಬೆರಳು ಮರಗಟ್ಟುತ್ತದೆ, ಬ್ಯಾಟರಿ ಬೇಗ ಸಾಯುತ್ತದೆ, ಅದನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳಿ. ಬೇಸಿಗೆಯಲ್ಲೇ ಹೋಗಬೇಕಾಗಿ ಬಂದರೆ ಬೇಜಾರಾಗಬೇಡಿ, ಬಿಳಿ ಜಗುಲಿಯ ಮೇಲೆ ಬಿದ್ದ ಬಿಸಿಲು ಮೇಲಕ್ಕೆ ಚಿಮ್ಮಿ ಸೂರಿನ ಹೊಟ್ಟೆಯನ್ನು ಕೆಳಗಿನಿಂದ ಬೆಳಗಿಸುತ್ತದೆ. ಆ ಬೆಳಕು ಮೆತ್ತಗೆ, ಸ್ವಲ್ಪ ಹಳದಿ.

ಬಣ್ಣ ಹಚ್ಚಿದವರಿಗೆ ಈ ನೆರಳು ಚೆನ್ನಾಗಿ ಗೊತ್ತಿತ್ತು. ಬಿಸಿಲು ತಾಗುವ ಕಂಬ, ಬಾಗಿಲು, ಗೋಡೆಗಳಿಗೆ ಕೆಂಪು. ನೆರಳಲ್ಲೇ ಇರುವ ಸೂರಿನ ಕೆಳಭಾಗಕ್ಕೆ ನೀಲಿ, ಹಸಿರು, ನಡುನಡುವೆ ಚಿನ್ನದ ಗೆರೆ. ತಣ್ಣನೆಯ ಬಣ್ಣಗಳು ನೆರಳನ್ನು ಇನ್ನೂ ಆಳ ಮಾಡುತ್ತವೆ, ಚಿನ್ನದ ಗೆರೆ ಆ ಆಳದೊಳಗಿಂದ ಮಿನುಗುತ್ತದೆ. ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಇದನ್ನೆಲ್ಲ "ಸರಿ" ಮಾಡಿಬಿಡುತ್ತದೆ. ನೀಲಿಯನ್ನು ಬೂದು ಮಾಡುತ್ತದೆ, ನೆರಳನ್ನು ಎತ್ತುತ್ತದೆ, ಎಲ್ಲವೂ ಒಂದೇ ಮಟ್ಟ. ಬಿಸಿಲಿನ ಸೆಟ್ಟಿಂಗ್‌ಗೆ ಲಾಕ್ ಮಾಡಿ, ನೆರಳು ಕಪ್ಪಗಿದ್ದರೆ ಇರಲಿ. ಎಚ್‌ಡಿಆರ್ (ಬೇರೆ ಬೇರೆ ಎಕ್ಸ್‌ಪೋಷರ್ ಬೆರೆಸಿ ನೆರಳನ್ನೂ ಬೆಳಗಿಸುವುದು) ಅಂತೂ ಬೇಡವೇ ಬೇಡ. ಸೂರಿನ ಕೆಳಗೆ ಟ್ಯೂಬ್‌ಲೈಟ್ ಹಾಕಿದ ಹಾಗೆ ಕಾಣುವ ಫೋಟೋಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಕಪ್ಪುಬಿಳುಪು ಇಷ್ಟಪಡುವವರಿಗೆ ಒಂದು ಮಜವಾದ ಸಂಗತಿ. 1860ರಲ್ಲಿ ಫೆಲಿಸ್ ಬೆಯಾಟೊ, 1871-72ರ ಹೊತ್ತಿಗೆ ಜಾನ್ ಥಾಮ್ಸನ್ ಬೀಜಿಂಗ್‌ನಲ್ಲಿ ಫೋಟೋ ತೆಗೆದರು. ಆಗಿನ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ಕಾಣುತ್ತಿತ್ತು. ಕೆಂಪು, ಹಳದಿ ಅವುಗಳ ಪಾಲಿಗೆ ಕತ್ತಲೆ. ಹಾಗಾಗಿ ಆ ಚಿತ್ರಗಳಲ್ಲಿ ಬೀಜಿಂಗ್ ತಲೆಕೆಳಗಾಗಿದೆ. ಫಳಫಳ ಹೊಳೆಯುವ ಹಳದಿ ಹೆಂಚು ಕಪ್ಪಗೆ, ಕೆಂಪು ಗೋಡೆ ಇನ್ನೂ ಕಪ್ಪಗೆ, ನೀಲಿ ಆಕಾಶ ಬೆಳ್ಳಗೆ. ಚೀನಾ ಅಂದರೆ ಏನೋ ಗಂಭೀರ, ಮಂಕು, ಪಾಳುಬಿದ್ದ ಊರು ಅನ್ನುವ ಭಾವನೆ ಹೊರಗಿನವರಿಗೆ ಬಂದದ್ದರಲ್ಲಿ ಈ ರಸಾಯನದ ಪಾಲೂ ಸ್ವಲ್ಪ ಇದ್ದಿರಬೇಕು ಅಂತ ನನ್ನ ಗುಮಾನಿ. ಇವತ್ತು ಡಿಜಿಟಲ್ ಫೈಲನ್ನು ಕಪ್ಪುಬಿಳುಪು ಮಾಡುವಾಗ ಆ ತೀರ್ಮಾನ ನಮ್ಮ ಕೈಯಲ್ಲಿದೆ. ಕೆಂಪು ಚಾನೆಲ್ ಎತ್ತಿದರೆ ಗೋಡೆ ಬೆಳಗುತ್ತದೆ, ಆಕಾಶ ಕಪ್ಪಾಗುತ್ತದೆ, ಹೆಂಚು ಬೆಳ್ಳಿಯ ಹಾಗೆ. ನೀಲಿ ಚಾನೆಲ್ ಮಾತ್ರ ಇಟ್ಟರೆ ಸೀದಾ 1870. ಒಂದೇ ಫೈಲನ್ನು ಎರಡೂ ರೀತಿ ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ದೊರೆ ಇನ್ನೂ ಒಳಗೇ ಇದ್ದಾನೆ, ಇನ್ನೊಂದರಲ್ಲಿ ಹೊರಟುಹೋಗಿ ಎಷ್ಟೋ ಕಾಲವಾಗಿದೆ.

ಹಳಬರ ಪೈಕಿ ನನಗೆ ಜಾಸ್ತಿ ಹಿಡಿಸುವುದು ಹೆಡ್ಡಾ ಮಾರಿಸನ್. ಜರ್ಮನಿಯವರು, 1933ರಿಂದ 1946ರವರೆಗೆ ಬೀಜಿಂಗ್‌ನಲ್ಲಿದ್ದರು, ಮೊದಲ ಕೆಲವು ವರ್ಷ ಅಲ್ಲಿನ ಒಂದು ಸ್ಟುಡಿಯೋ ನಡೆಸಿದರು. ಅವರ ಚಿತ್ರಗಳ ದೊಡ್ಡ ಸಂಗ್ರಹ ಈಗ ಹಾರ್ವರ್ಡ್‌ನಲ್ಲಿದೆ. ಕಟ್ಟಡದ ಪಕ್ಕದಲ್ಲಿ ಕೆಲಸ ಮಾಡುವ ಮನುಷ್ಯ ಇದ್ದರೆ ಅವರು ಅವನನ್ನು ಓಡಿಸುತ್ತಿರಲಿಲ್ಲ. ಸ್ವೀಡನ್ನಿನ ಕಲಾ ಇತಿಹಾಸಕಾರ ಓಸ್ವಾಲ್ಡ್ ಸಿರೆನ್ 1920ರ ದಶಕದ ಆರಂಭದಲ್ಲಿ ಬೀಜಿಂಗ್‌ನ ಕೋಟೆಗೋಡೆ, ಹೆಬ್ಬಾಗಿಲುಗಳನ್ನು ಒಂದೊಂದಾಗಿ ತೆಗೆದರು. ಇಟ್ಟಿಗೆ ಸಂದಿನಲ್ಲಿ ಬೆಳೆದ ಗಿಡ ಸಹಿತ. 1950, 60ರ ದಶಕಗಳಲ್ಲಿ ಆ ಗೋಡೆಯ ಬಹುಪಾಲು ಹೋಯಿತು. ಉಳಿಸಿ ಅಂತ ಲಿಯಾಂಗ್ ಸಿಚೆಂಗ್ ಎಷ್ಟು ವಾದ ಮಾಡಿದರೂ ನಡೆಯಲಿಲ್ಲ. ಈಗ ಹೋದ ಆ ಭಾಗದ ಇಟ್ಟಿಗೆ ಹೇಗಿತ್ತು ಅಂತ ನೋಡಬೇಕಾದರೆ ಸಿರೆನ್ ಚಿತ್ರಗಳ ಹತ್ತಿರವೇ ಹೋಗಬೇಕು.

ಹಳತು, ಉದುರಿದ್ದು, ಬಿರುಕು ಬಿಟ್ಟದ್ದು ಇವುಗಳ ಮೋಹ ನಮ್ಮ ಆರ್ಟ್ ಫೋಟೋಗ್ರಫಿಯವರಿಗೆ ಬಹಳ. ಬಣ್ಣ ಹಚ್ಚಿ ಹೊಸದು ಮಾಡಿಬಿಟ್ಟಿದ್ದಾರೆ, ಮಜಾ ಹೋಯ್ತು ಅಂತ ಮೂಗು ಮುರಿಯುವವರನ್ನು ಎಲ್ಲ ಕಡೆ ನೋಡಿದ್ದೇನೆ. ನನಗೆ ಇದು ಒಪ್ಪಿಗೆಯಿಲ್ಲ. ಮರದ ಕಟ್ಟಡಕ್ಕೆ ಬಣ್ಣ ಶೋಕಿಗಲ್ಲ. ಕಂಬದ ಮೇಲೆ ಇಟ್ಟಿಗೆ ಪುಡಿ, ಹಂದಿಯ ರಕ್ತ, ಹಿಟ್ಟು, ತುಂಗ್ ಎಣ್ಣೆ ಕಲಸಿದ ಗಾರೆಯನ್ನು ಪದರ ಪದರವಾಗಿ ಬಳಿದು, ನಡುವೆ ಸೆಣಬಿನ ನಾರು ಸುತ್ತಿ, ಅದರ ಮೇಲೆ ಬಣ್ಣ ಹಚ್ಚುತ್ತಾರೆ. ಬಣ್ಣ ಹೋದರೆ ಮರ ಹೋಗುತ್ತದೆ, ಅಷ್ಟೇ. ಕಟ್ಟಿಸಿದವರು ಅದು ಯಾವಾಗಲೂ ಹೊಸದಾಗಿಯೇ ಇರಲಿ ಅಂತಲೇ ಬಯಸಿದ್ದು. ಇನ್ನು ಹಳತು ಅಂದರೆ ಎಷ್ಟು ಹಳತು? ಅರಮನೆ ಕಟ್ಟಿ ಮುಗಿಸಿದ್ದು 1420ರಲ್ಲಿ, ಮರುವರ್ಷವೇ ಸಿಡಿಲು ಬಡಿದು ಮೂರೂ ಸಭಾಭವನ ಸುಟ್ಟುಹೋದವು. ಈಗ ನಾವು ನೋಡುವ ತೈಹೆದಿಯನ್ 1695ರಲ್ಲಿ ಶುರು ಮಾಡಿ ಮತ್ತೆ ಕಟ್ಟಿದ್ದು. ಬೀಜಿಂಗ್‌ನಲ್ಲೇ ಇರುವ ಟೆಂಪಲ್ ಆಫ್ ಹೆವನ್‌ನ ದುಂಡನೆಯ ನೀಲಿ ಛಾವಣಿಯ ಭವನ 1889ರಲ್ಲಿ ಸಿಡಿಲಿಗೆ ಸುಟ್ಟು ಮತ್ತೆ ಎದ್ದದ್ದು. ಇಲ್ಲಿ ಉಳಿದು ಬರುವುದು ಅಳತೆ, ಕ್ರಮ, ಕೈಕೆಲಸ. ಮರದ ತುಂಡು ಬದಲಾಗುತ್ತಲೇ ಇರುತ್ತದೆ.

ಬೆಂಕಿಯ ಭಯ ಎಷ್ಟಿತ್ತು ಅನ್ನುವುದಕ್ಕೆ ಅರಮನೆಯ ಗ್ರಂಥಾಲಯ ವೆನ್‌ಯುವಾನ್‌ಗೆಯನ್ನು ನೋಡಿ. ಸುತ್ತ ಎಲ್ಲ ಹಳದಿ ಹೆಂಚು, ಇದಕ್ಕೆ ಮಾತ್ರ ಕಪ್ಪು ಹೆಂಚು, ಅಂಚಿಗೆ ಹಸಿರು. ಕಪ್ಪು ನೀರಿನ ಬಣ್ಣ ಅನ್ನುವ ನಂಬಿಕೆ. ಪುಸ್ತಕ ಸುಡಬಾರದಲ್ವಾ.

ಹಾಗಂತ ಸವೆತ, ಗಾಯದ ಗುರುತುಗಳನ್ನು ತೆಗೆಯಬಾರದು ಅಂತಲ್ಲ. ಅದಕ್ಕೆ ಕಾರಣ ಇರಬೇಕು. ಅರಮನೆಯಲ್ಲಿ ಅಲ್ಲಲ್ಲಿ ದೊಡ್ಡ ದೊಡ್ಡ ಲೋಹದ ಹಂಡೆಗಳಿವೆ, ಬೆಂಕಿ ಆರಿಸಲು ನೀರು ತುಂಬಿಡುತ್ತಿದ್ದದ್ದು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟದಂತೆ ಕೆಳಗೆ ಇದ್ದಿಲು ಉರಿಸುತ್ತಿದ್ದರು. ಅವುಗಳಲ್ಲಿ ಕೆಲವಕ್ಕೆ ಚಿನ್ನದ ಲೇಪ ಇತ್ತು. ಈಗ ಹತ್ತಿರ ಹೋಗಿ ನೋಡಿದರೆ ಮೈತುಂಬ ಗೀರು, ಗೀರಿನ ನಡುವೆ ಅಲ್ಲಲ್ಲಿ ಉಳಿದ ಚಿನ್ನ. 1900ರಲ್ಲಿ ಎಂಟು ದೇಶಗಳ ಸೈನ್ಯ ಬೀಜಿಂಗ್‌ಗೆ ನುಗ್ಗಿದಾಗ ಸೈನಿಕರು ಬಯೊನೆಟ್‌ನಿಂದ ಕೆರೆದದ್ದು ಅಂತ ಹೇಳುತ್ತಾರೆ. ಬೆಳಗ್ಗೆಯ ಓರೆ ಬಿಸಿಲಲ್ಲಿ, ಹತ್ತಿರದಿಂದ, ಹಂಡೆಯ ಬಾಗು ಸ್ವಲ್ಪವಷ್ಟೇ ಕಾಣುವಂತೆ ತೆಗೆದರೆ ಮೊದಲು ಅದೊಂದು ಅಮೂರ್ತ ಚಿತ್ರ. ಏನು ಅಂತ ಗೊತ್ತಾದ ಮೇಲೆ ಅದನ್ನು ಬರೀ ಟೆಕ್ಸ್ಚರ್ ಅನ್ನಲು ಬಾಯಿ ಬರುವುದಿಲ್ಲ.

ಅರಮನೆಯೊಳಗಿನ ಒಂಬತ್ತು ಡ್ರ್ಯಾಗನ್‌ಗಳ ಗೋಡೆಯೂ ಹಾಗೇ. 1772ರದ್ದು, 270 ಮೆರುಗಿನ ಹೆಂಚುಗಳನ್ನು ಜೋಡಿಸಿ ಮಾಡಿದ್ದು, ನೋಡಲು 10 ಯುವಾನ್ ಬೇರೆ ಟಿಕೆಟ್. ಪೂರ್ವದಿಂದ ಮೂರನೆಯದು ಬಿಳಿ ಡ್ರ್ಯಾಗನ್, ಅದರ ಹೊಟ್ಟೆಯ ಒಂದು ಭಾಗ ಮರದ್ದು. ಸುಡುವಾಗ ಹೆಂಚು ಒಡೆಯಿತು, ತಲೆ ಉಳಿಸಿಕೊಳ್ಳಲು ಬಡಗಿಯೊಬ್ಬ ರಾತ್ರೋರಾತ್ರಿ ಮರ ಕೆತ್ತಿ ಬಿಳಿ ಬಣ್ಣ ಬಳಿದ ಅನ್ನುವುದು ಕಥೆ. ಈಗ ಬಣ್ಣ ಹೋಗಿ ಮರ ಬೇರೆಯಾಗಿಯೇ ಕಾಣುತ್ತದೆ. ಪೋಲರೈಸರ್ ತಿರುಗಿಸಿ ಪಕ್ಕದ ಹೆಂಚುಗಳ ಹೊಳಪನ್ನು ಪೂರ್ತಿ ಕೊಲ್ಲಬೇಡಿ. ಅವು ಹೊಳೆದರೆ ತಾನೇ ಹೊಳೆಯದ ತುಂಡು ಎದ್ದು ಕಾಣುವುದು.

ದಕ್ಷಿಣಕ್ಕೆ ಹೋದರೆ ಆಟವೇ ಬದಲು. ಸೂಝೌ ನಗರದ ತೋಟಗಳಲ್ಲಿ ಬಣ್ಣ ಇಲ್ಲ, ಬಿಳಿ ಗೋಡೆ, ಬೂದು ಹೆಂಚು, ಕಂದು ಮರ. ತ್ಸಾಂಗ್‌ಲಾಂಗ್ ತೋಟದಲ್ಲಿ 108 ಜಾಲರಿ ಕಿಟಕಿಗಳಿವೆ, ಒಂದರಂತೆ ಇನ್ನೊಂದಿಲ್ಲ ಅನ್ನುತ್ತಾರೆ. ಎಲ್ಲವನ್ನೂ ತೆಗೆದು ಒಂದು ಹಾಳೆಯಲ್ಲಿ ಜೋಡಿಸಿದ ಪೋಸ್ಟರ್‌ಗಳು ಬೇಕಾದಷ್ಟಿವೆ, ನನಗೆ ಅವು ಬಟನ್ ಅಂಗಡಿಯ ಸ್ಯಾಂಪಲ್ ಕಾರ್ಡ್ ಥರ ಕಾಣುತ್ತವೆ. ಆ ಕಿಟಕಿ ಇರುವುದು ಪಕ್ಕದ ಅಂಗಳವನ್ನು ಪೂರ್ತಿ ತೋರಿಸದೆ ಸ್ವಲ್ಪ ಮಾತ್ರ ಬಿಟ್ಟುಕೊಡಲು. ನಡೆಯುತ್ತಾ ಹೋದಂತೆ ಆಚೆಯ ಬಿದಿರು, ಬಂಡೆ, ನೀರು ತುಂಡು ತುಂಡಾಗಿ ಸಿಗುತ್ತದೆ. ಆಚೆಗಿನದು ಫೋಕಸ್‌ನಲ್ಲಿರಬೇಕು, ಜಾಲರಿ ಸ್ವಲ್ಪ ಮಸುಕಾದರೂ ಪರವಾಗಿಲ್ಲ. ಬಿಳಿ ಗೋಡೆಗೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಮೇಲಿಡಿ, ಇಲ್ಲದಿದ್ದರೆ ಮೀಟರ್ ಅದನ್ನು ಬೂದು ಮಾಡಿಬಿಡುತ್ತದೆ. ಜೂನ್ ನಡುವಿನಿಂದ ಜುಲೈ ಮೊದಲವರೆಗೆ ಅಲ್ಲಿ ಜಿಟಿಜಿಟಿ ಮಳೆಯ ಕಾಲ. ಒದ್ದೆಯಾದ ಬಿಳಿ ಗೋಡೆಯ ಮೇಲೆ ಏಳುವ ಬೂದು ಮಚ್ಚೆಗಳಿಗಾಗಿಯೇ ಆಗ ಹೋಗುವವರಿದ್ದಾರೆ.

ಅನ್ಹುಯಿ ಪ್ರಾಂತ್ಯದ ಶೀದಿ, ಹೊಂಗ್‌ತ್ಸುನ್ ಹಳ್ಳಿಗಳು 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಅಲ್ಲಿ ಮನೆಗಳ ಪಕ್ಕದ ಗೋಡೆ ಛಾವಣಿಗಿಂತ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಎದ್ದಿರುತ್ತದೆ, ಒಂದು ಮನೆಯ ಬೆಂಕಿ ಪಕ್ಕದ ಮನೆಗೆ ಹಾರದಿರಲಿ ಅಂತ. ಎರಡು ಮನೆಯ ನಡುವಿನ ಸಂದಿಯಲ್ಲಿ ನಿಂತು ಮೇಲೆ ನೋಡಿದರೆ ಆ ಮೆಟ್ಟಿಲುಗಳ ನಡುವೆ ಆಕಾಶದ ಒಂದು ಪಟ್ಟಿ ಅಷ್ಟೇ. ಬಾಗಿಲ ಮೇಲಿನ ಇಟ್ಟಿಗೆ ಕೆತ್ತನೆ, ಒಳಗಿನ ಮರದ ಕೆತ್ತನೆಗಳಲ್ಲಿ ಎಷ್ಟೋ ಕಡೆ ಗೊಂಬೆಗಳಿಗೆ ತಲೆಯೇ ಇಲ್ಲ. 1960ರ ದಶಕದ ಸಾಂಸ್ಕೃತಿಕ ಕ್ರಾಂತಿಯ ಕೆಲಸ ಅದು. ಕೆಲವು ಮನೆಯವರು ಮಣ್ಣು ಮೆತ್ತಿ ಮುಚ್ಚಿಟ್ಟು ಉಳಿಸಿಕೊಂಡರು. ತಲೆ ಇರುವ ಗೊಂಬೆಯನ್ನೇ ಹುಡುಕಿ ತೆಗೆಯುವವರು ಜಾಸ್ತಿ, ನಾನು ಎರಡೂ ಒಟ್ಟಿಗೆ ಸಿಗುವ ಮೂಲೆ ಹುಡುಕುತ್ತೇನೆ.

ಹೋಗುವವರಿಗೆ ಎರಡು ಮಾತು. ಫರ್ಬಿಡನ್ ಸಿಟಿಗೆ ಪಾಸ್‌ಪೋರ್ಟ್ ನಂಬರ್ ಕೊಟ್ಟು ಮೊದಲೇ ಬುಕ್ ಮಾಡಬೇಕು, ಸೋಮವಾರ ಸಾಮಾನ್ಯವಾಗಿ ರಜಾ, ಒಳಗೆ ಹೋಗುವುದು ದಕ್ಷಿಣದ ಬಾಗಿಲಿನಿಂದ. ಟ್ರೈಪಾಡ್ ಆಸೆ ಬಿಡಿ, ಡ್ರೋನ್ ಹೆಸರೇ ಎತ್ತಬೇಡಿ. ಬಾಗಿಲು ತೆಗೆದ ತಕ್ಷಣ ಎಲ್ಲರೂ ನಡುದಾರಿ ಹಿಡಿದು ತೈಹೆದಿಯನ್ ಕಡೆ ನುಗ್ಗುತ್ತಾರೆ. ನೀವು ಪೂರ್ವ ಅಥವಾ ಪಶ್ಚಿಮದ ಪಕ್ಕದ ಅಂಗಳಗಳಿಗೆ ಹೋಗಿ.

ಕೊನೆಗೆ ಪ್ರಿಂಟ್. ಅನ್ಹುಯಿಯ ಜಿಂಗ್ ಕೌಂಟಿಯಲ್ಲಿ ತಯಾರಾಗುವ ಷುವಾನ್ ಕಾಗದದ ಮೇಲೆ ಇಂಥ ಚಿತ್ರಗಳನ್ನು ಪ್ರಿಂಟ್ ಮಾಡುವ ಫ್ಯಾಷನ್ ಇದೆ. ಮರದ ತೊಗಟೆ, ಭತ್ತದ ಹುಲ್ಲಿನಿಂದ ಮಾಡಿದ ಕಾಗದ, ಶಾಯಿಯನ್ನು ಚೆನ್ನಾಗಿ ಹೀರುತ್ತದೆ. ಅದೇ ಪ್ರಾಂತ್ಯದ ಬಿಳಿ ಗೋಡೆಗಳಿಗೆ, ಸೂಝೌ ಕಿಟಕಿಗಳಿಗೆ ಅದು ಹೇಳಿ ಮಾಡಿಸಿದ್ದು. ಮೆರುಗಿನ ಹೆಂಚಿಗೆ ಮಾತ್ರ ಬೇಡ, ಹೊಳಪೆಲ್ಲ ಕಾಗದವೇ ಕುಡಿದುಬಿಡುತ್ತದೆ, ಅದಕ್ಕೆ ಹೊಳಪಿರುವ ಬರೈಟಾ ಕಾಗದ ಸರಿ. ಚಿತ್ರದ ಕೆಳಗೆ "ಶೀರ್ಷಿಕೆಯಿಲ್ಲ, ಚೀನಾ" ಅಂತ ಬರೆಯುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಯಾವ ಕಟ್ಟಡ, ಯಾವ ದಿಕ್ಕಿನ ಮೂಲೆ, ಯಾವಾಗ ಮತ್ತೆ ಕಟ್ಟಿದ್ದು, ಇತ್ತೀಚೆಗೆ ಬಣ್ಣ ಹಚ್ಚಿದ್ದಾರೋ ಇಲ್ಲವೋ, ಇಷ್ಟನ್ನು ನಾನು ಬರೆಯುತ್ತೇನೆ. ಉದ್ದವಾಯ್ತು, ಆರ್ಟ್ ಅನ್ನಿಸುವುದಿಲ್ಲ ಅಂತ ಹೇಳಿದವರಿದ್ದಾರೆ. ಅನ್ನಿಸದಿದ್ದರೆ ಬಿಡಲಿ, ಮೊಳೆ ಹೊಡೆದವನಿಗೂ ಅನ್ನಿಸಿರಲಿಲ್ಲ.